ತಂತಿ ಗೀರಿದ್ದಲ್ಲ

ಮೊಮ್ಮಗಳು ಸಮತಾಳ ಕೈಗೆ ಗೇಟಿನ ತಂತಿ ಗೀರಿದೆ ಎಂದು ಮಗಳು ಜಯಾ ಫೋನಿನಲ್ಲಿ ಹೇಳಿದಾಗ ನಾನು ನಂಬಿದೆ. ಎರಡು ದಿನ ಬಿಟ್ಟು ಕಾಗದನಗರದಿಂದ ಬಸ್ಸು ಹಿಡಿದು ಗೋಪಾಳ ಬಡಾವಣೆಯ ಅವರ ಮನೆಗೆ ಹೋದೆ. ಮಗುವಿನ ಮುಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ನೋಡಿದರೆ ಅರಿಶಿನದ ಕೆಳಗೆ ನಾಲ್ಕು ತೂತು. ಮೇಲೆ ಎರಡು, ಕೆಳಗೆ ಎರಡು. ಯಾವ ಊರಿನ ತಂತಿಗೆ ಹಲ್ಲಿರುತ್ತದೆ?

"ಟೈಗರ್ ಕಚ್ತೇನೇ?" ಎಂದು ಕೇಳಿದೆ. ಜಯಾ ತಲೆ ತಗ್ಗಿಸಿದಳು.

ಟೈಗರ್ ಎಂಬುದು ಅವರು ಸಾಕಿದ ಕಾಡುಬೆಕ್ಕು. ಅದು ಹೋದದ್ದು ನಮ್ಮ ಕಾಗದನಗರದಿಂದಲೇ. ಕಾಗದದ ಗಿರಣಿ ನಿಂತ ಮೇಲೆ ಖಾಲಿ ಬಿದ್ದ ಕ್ವಾರ್ಟರ್ಸುಗಳ ಸುತ್ತ ಆಳೆತ್ತರದ ಪೊದೆ ಬೆಳೆದಿದೆ. ಕಳೆದ ಯುಗಾದಿಗೆ ಅಳಿಯ ಯೋಗೇಶ್ ನಮ್ಮಲ್ಲಿಗೆ ಬಂದಿದ್ದಾಗ ಪಕ್ಕದ ಮನೆಯ ಮಂಜಪ್ಪ ಹಿತ್ತಲಿನ ಪೊದೆ ಸವರುತ್ತಿದ್ದ. ಒಡೆದ ಸಿಮೆಂಟು ಪೈಪಿನೊಳಗೆ ಎರಡು ಮರಿ ಕಂಡವು. ಇನ್ನೂ ಸರಿಯಾಗಿ ನಡೆಯಲೂ ಬಾರದವು.

"ಪಾಪ, ತಾಯಿ ಬಿಟ್ಟು ಹೋಗಿದೆ" ಎಂದ ಯೋಗೇಶ್.

"ಬಿಟ್ಟು ಎಲ್ಲಿಗೆ ಹೋಗತ್ತೆ ಮಾರಾಯ್ರೆ, ಇಲಿ ಹಿಡಿಯೋಕೆ ಹೋಗಿರತ್ತೆ. ಮುಟ್ಟಬೇಡಿ" ಎಂದ ಮಂಜಪ್ಪ.

ಅಷ್ಟರಲ್ಲಿ ಅಳಿಯ ಮೊಬೈಲು ಹಿಡಿದು ವಿಡಿಯೋ ಮಾಡತೊಡಗಿದ್ದ. ಒಂದು ಮರಿಯನ್ನು ಟವೆಲಿನಲ್ಲಿ ಸುತ್ತಿ ಕಾರಿಗೆ ಹಾಕಿಕೊಂಡ.

ಜಯಾ ಕೂಸಾಗಿದ್ದಾಗ ನಾನೂ ಅವಳನ್ನು ಬೇವಿನ ಮರಕ್ಕೆ ಕಟ್ಟಿದ ಸೀರೆಯ ಜೋಲಿಯಲ್ಲಿ ಮಲಗಿಸಿ ಗದ್ದೆ ನಾಟಿಗೆ ಇಳಿಯುತ್ತಿದ್ದವಳು. ತಾಯಿ ಬಿಟ್ಟು ಹೋಗಿದ್ದಾಳೆ ಪಾಪ ಎಂದು ಯಾರಾದರೂ ಎತ್ತಿಕೊಂಡು ಹೋಗಿದ್ದರೆ? ಈ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕಾಲು ತೊಳೆದು ಹೆಣ್ಣು ಕೊಟ್ಟವರು ಅಳಿಯನಿಗೆ ಎದುರಾಡಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಒಂಬತ್ತು ವರ್ಷದಲ್ಲಿ ನಾನು ಅವನಿಗೆ 'ಹೌದು' ಎಂದದ್ದೇ ಹೆಚ್ಚು. ಅವತ್ತೂ ನುಂಗಿಕೊಂಡೆ. ತಾಯಿ ಬೆಕ್ಕು ಮೂರು ದಿನ ಹಿತ್ತಲಲ್ಲಿ ಕೂಗಿಕೊಂಡು ತಿರುಗಿತು. ಅದರ ಕೂಗು ಕೇಳುತ್ತ ನಾನು ಒಳಗೆ ಅಕ್ಕಿ ಆರಿಸುತ್ತ ಕೂತಿದ್ದೆ. ನನ್ನ ತಾಳ್ಮೆಗೆ ಬೆಂಕಿ ಬೀಳಲಿ.

ಎಂಟು ತಿಂಗಳಲ್ಲಿ ಮರಿ ಉದ್ದ ಕಾಲಿನ ಪ್ರಾಣಿಯಾಯಿತು. ಸೋಫಾ ಹರಿಯಿತು, ದೇವರ ಗೂಡಿನ ಹತ್ತಿರವೇ ಉಚ್ಚೆ ಸಿಡಿಸಿತು. ಮಾಚೇನಹಳ್ಳಿಯ ಕೈಗಾರಿಕೆ ಶೆಡ್ಡುಗಳ ನಡುವೆ ಯೋಗೇಶನ ಲೇತ್ ವರ್ಕ್‌ಶಾಪ್ ಇದೆ. ಅಲ್ಲಿಯ ಕೆಲಸದವರೆಲ್ಲ ಬಂದು ಅದರ ಜೊತೆ ಫೋಟೋ ತೆಗೆಸಿಕೊಂಡು ಹೋದರು. ಅದು ಕೋಳಿಯ ಕುತ್ತಿಗೆ ತಿನ್ನುತ್ತಿದ್ದಾಗ ಆರು ವರ್ಷದ ಹುಡುಗಿ ಬೆನ್ನು ಸವರಲು ಹೋದಳು. ಕಚ್ಚಿತು. ಅದು ಇನ್ನೇನು ಮಾಡಬೇಕಿತ್ತು? ಅದನ್ನು ಕೂಸಿನ ಪಕ್ಕ ತಂದು ಕೂರಿಸಿದವರು ಯಾರು?

ಯೋಗೇಶ್ ಊಟಕ್ಕೆ ಬಂದ. ಕೈ ತೊಳೆಯಲು ಬಿಡದೆ ಕೇಳಿದೆ.

"ಡಾಕ್ಟರಿಗೆ ಏನಂತ ಹೇಳಿದ್ರಿ?"

"ತಂತಿ ಅಂತ. ಟಿಟಿ ಇಂಜೆಕ್ಷನ್ ಹಾಕಿಸಿದೀನಿ. ಕಾಡುಬೆಕ್ಕು ಅಂದ್ರೆ ಫಾರೆಸ್ಟಿನೋರು ಬರ್ತಾರೆ ಅತ್ತೆ. ಸಾಕೋದೇ ಅಪರಾಧ. ಕೇಸ್ ಆಗತ್ತೆ."

"ಅದಕ್ಕೆ ಹುಚ್ಚು ಇದ್ದಿದ್ರೆ?"

ಅವನು ನಕ್ಕ. "ಹಾಲು ಅನ್ನ ತಿಂದು ಬೆಳೆದಿದ್ದಕ್ಕೆ ಎಲ್ಲಿಂದ ಬರತ್ತೆ ಹುಚ್ಚು? ಕಚ್ಚಿದ ಪ್ರಾಣಿ ಹತ್ತು ದಿನ ಬದುಕಿದ್ರೆ ಏನೂ ಭಯ ಇಲ್ಲ. ಹತ್ತು ದಿನ ನೋಡೋಣ."

"ನೋಡೋಣ. ಎಲ್ಲಿದೆ ಅದು?"

ಅವನು ಕೈ ತೊಳೆಯಲು ಹೊರಟ. ಜಯಾ ಸೆರಗು ಹಿಂಡುತ್ತ ಹೇಳಿದಳು: "ನಿನ್ನೆ ಮಾಚೇನಹಳ್ಳಿ ಹತ್ರ ಬಿಟ್ಟು ಬಂದ್ರಮ್ಮ. ಯಾರಾದ್ರೂ ಕಂಪ್ಲೇಂಟ್ ಕೊಟ್ರೆ ಅಂತ."

"ಹಾಗಾದ್ರೆ ಹತ್ತು ದಿನ ಯಾರನ್ನ ನೋಡ್ತೀರಿ? ಮಗೂನಾ?"

"ನಿಮಗೆ ಇದೆಲ್ಲ ಗೊತ್ತಾಗಲ್ಲ ಅತ್ತೆ."

ನನಗೆ ಗೊತ್ತಿತ್ತು. ನಮ್ಮ ಮನೆ ಸಾಲಿನ ಲಿಂಗಪ್ಪನಿಗೆ ನಾಯಿ ಕಚ್ಚಿದಾಗ ಬೇರು ಕಟ್ಟಿಸಿಕೊಂಡು ಸುಮ್ಮನಿದ್ದ. ಎರಡು ತಿಂಗಳಿಗೆ ನೀರಿನ ಲೋಟ ಕಂಡರೆ ಗಂಟಲು ಬಿಗಿದು ಒದ್ದಾಡಿದ. ಒಮ್ಮೆ ಆ ರೋಗ ತಲೆ ಎತ್ತಿದರೆ ಯಾವ ಡಾಕ್ಟರೂ ಕೈ ಹಿಡಿಯಲಾರ. ಅವನ ಬಾಯಿಗೆ ಹತ್ತಿಯಲ್ಲಿ ನೀರು ಹಿಂಡಲು ಹೋದವಳು ನಾನೇ.

"ನೀವು ಊಟ ಮಾಡಿ" ಎಂದು ಹೇಳಿ ಸಮತಾಳಿಗೆ ಚಪ್ಪಲಿ ಹಾಕಿಸಿದೆ. ಬೀದಿಗೆ ಇಳಿದು ಆಟೋಗೆ ಕೈ ಅಡ್ಡ ಹಾಕುವಷ್ಟರಲ್ಲಿ ಅವನ ಕಾರು ಬಂದು ನಿಂತಿತು. "ಹತ್ತಿ ಅತ್ತೆ, ಅಕ್ಕಪಕ್ಕದವರು ನೋಡ್ತಾರೆ."

ದಾರಿಯಲ್ಲಿ ಅವನಿಗೆ ಉಪಾಯ ಹೊಳೆಯಿತು. "ಬೀದಿ ನಾಯಿ ಅಂತ ಹೇಳೋಣ. ಹೆಂಗೂ ಇಂಜೆಕ್ಷನ್ ಅದೇ ಅಲ್ವಾ?"

"ಆ ಬೆಕ್ಕಿಗೆ ಮನುಷ್ಯರ ಭಯ ಇಲ್ಲ, ಬೇಟೆ ಬರಲ್ಲ. ಹಸಿದ್ರೆ ಯಾವುದೋ ಶೆಡ್ಡಿನ ಬಾಗಿಲಿಗೆ ಹೋಗಿ ಕೂರತ್ತೆ. ಅಲ್ಲೂ ಮಕ್ಕಳಿರ್ತಾರೆ. ನಾಯಿ ಅಂತ ಹೇಳಿದ್ರೆ ಅದನ್ನ ಹುಡುಕೋರು ಯಾರು?"

ಅವನು ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದುಕೊಂಡ.

ದೊಡ್ಡಾಸ್ಪತ್ರೆಯ ಇಂಜೆಕ್ಷನ್ ಕೋಣೆಯಲ್ಲಿ ನರ್ಸ್ ರಿಜಿಸ್ಟರು ತೆರೆದು ಕೇಳಿದಳು: "ಯಾವ ಪ್ರಾಣಿ?"

ಅಳಿಯ ನನ್ನ ಮುಖ ನೋಡಿದ.

"ನನ್ನ ಯಾಕೆ ನೋಡ್ತೀರಿ? ತಂದವರು ನೀವು. ಹೇಳಿ."

"ಬೆಕ್ಕು."

"ಮನೇದಾ, ಬೀದೀದಾ?"

ಸಾಲಿನಲ್ಲಿದ್ದವರೆಲ್ಲ ಇತ್ತ ತಿರುಗಿದ್ದರು. "ಕಾಡಿಂದು" ಎಂದ ಯೋಗೇಶ್, ನೆಲಕ್ಕೆ ಹೇಳಿದ ಹಾಗೆ. "ಮನೇಲಿ ಸಾಕಿದ್ದೆ."

ನರ್ಸ್ ಬರೆಯುವುದನ್ನು ನಿಲ್ಲಿಸಿದಳು. "ಕಚ್ಚಿ ಮೂರನೇ ದಿನ ಇದು. ಏನ್ ಮಾಡ್ತಿದ್ರಿ ಸಾರ್ ಇಷ್ಟು ಹೊತ್ತು? ಕಾಡುಪ್ರಾಣಿಗೆ ಹತ್ತು ದಿನದ ಲೆಕ್ಕ ಇಲ್ಲ."

ನಲ್ಲಿಯ ಕೆಳಗೆ ಸೋಪು ಹಚ್ಚಿ ಕಾಲು ಗಂಟೆ ಗಾಯ ತೊಳೆಸಿದರು. ಎರಡೂ ತೋಳಿಗೆ ಒಂದೊಂದು ಸೂಜಿ. ಆಮೇಲೆ ಒಂದೊಂದು ಹಲ್ಲಿನ ತೂತಿನ ಸುತ್ತಲೂ ಸೂಜಿ ಚುಚ್ಚಿ ವಿಷ ತಡೆಯುವ ಸೀರಂ ತುಂಬಿಸಿದರು. ಮಗುವನ್ನು ಯೋಗೇಶನೇ ಹಿಡಿದುಕೊಳ್ಳಬೇಕಾಯಿತು. "ಅಪ್ಪಾ ಬಿಡಪ್ಪಾ" ಎಂದು ಅವಳು ಕಿರುಚುತ್ತಿದ್ದರೆ ಅವನ ಕನ್ನಡಕ ಮಂಜಾಯಿತು. ನಾನು ಒರೆಸಿ ಕೊಡಲಿಲ್ಲ.

ತಡವಾದರೂ ಕೈ ಮೀರುವ ಮೊದಲೇ ಬಂದಿದ್ದೀರಿ, ಇನ್ನು ಒಂದು ಡೋಸೂ ತಪ್ಪಿಸಬೇಡಿ ಎಂದರು ಡಾಕ್ಟರು. ಹೊರಗೆ ಬಂದ ಮೇಲೆ ಯೋಗೇಶ್ ಕಂಬಕ್ಕೆ ಒರಗಿ ಅರಣ್ಯ ಇಲಾಖೆಗೆ ಫೋನು ಮಾಡಿದ. "ಹೌದು ಸಾರ್, ನಾನೇ ಬಿಟ್ಟಿದ್ದು... ಓಡಿಹೋಗಲ್ಲ ಸಾರ್, ಹೆಸರು ಕರೆದ್ರೆ ಬರತ್ತೆ" ಎನ್ನುವಾಗ ಅವನ ದನಿ ಒಡೆಯಿತು. ನನಗೆ ಕನಿಕರ ಬರಲಿಲ್ಲ. ಸಮತಾ ನನ್ನ ತೊಡೆಯ ಮೇಲೆ ಬಿಕ್ಕುತ್ತಿದ್ದಳು. ಇನ್ನೂ ಮೂರು ಸರದಿ ಬಾಕಿ ಇತ್ತು. ಚೀಟಿಯಲ್ಲಿ ಬರೆದಿದ್ದ ತಾರೀಕುಗಳನ್ನು ನಾನು ಒಂದೊಂದಾಗಿ ಓದಿ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.