ಗೇಣು ಬಟ್ಟೆ ಉಳಿಸಿದವನು

ಕೆಟ್ಟು ಪಟ್ಟಣ ಸೇರು ಅಂತಾರೆ. ಪಟ್ಟಣದಲ್ಲಿದ್ದುಕೊಂಡೇ ಕೆಟ್ಟವನು ಎಲ್ಲಿ ಸೇರಬೇಕು ಅಂತ ಗಾದೆ ಹೇಳಿಲ್ಲ. ಅಂಗುಲಪ್ಪ ಹೆಂಡತಿಯ ತಮ್ಮನ ಹೊಲಿಗೆ ಅಂಗಡಿ ಸೇರಿದ.

ಅಂಗುಲಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ಕಟಿಂಗ್ ಮಾಸ್ಟರ್ ಆಗಿದ್ದಾಗ ಅಲ್ಲಿಯವರು ಕರೆದದ್ದು. ಅರವತ್ತು ಪದರ ಬಟ್ಟೆ ಒಂದರ ಮೇಲೊಂದು ಹಾಸಿದರೆ, ತೋಳು, ಕಾಲರು, ಬೆನ್ನುಗಳನ್ನು ಹೇಗೆ ತಿರುಗಿಸಿಟ್ಟರೆ ಅಂಗುಲ ಉಳಿದೀತು ಅಂತ ನಿಂತಲ್ಲೇ ಹೇಳುತ್ತಿದ್ದ. ಒಂದು ಸೋಮವಾರ ಆ ಕೆಲಸಕ್ಕೆ ಕಂಪ್ಯೂಟರು ಬಂತು. ಅದು ಒಂದೂವರೆ ಅಂಗುಲ ಉಳಿಸಿತು. ಶುಕ್ರವಾರ ಮ್ಯಾನೇಜರು ಅವನನ್ನು ಕರೆದು ಕೂರಿಸಿ, ನೀರು ಕೊಟ್ಟು, "ನಿಮ್ಮಂಥವರು ಸಿಗೋದಿಲ್ಲ ಬಿಡಿ" ಅಂದರು. ಅಂದವರೇ ಮನೆಗೆ ಹೋಗುವ ಕಾಗದವನ್ನೂ ಕೈಗಿಟ್ಟರು.

ಆರು ಕಾರ್ಖಾನೆ ಅಲೆದ. ಎಲ್ಲ ಕಡೆಯೂ ಕಂಪ್ಯೂಟರು ಅವನಿಗಿಂತ ಮೊದಲೇ ಹೋಗಿ ಕೂತಿತ್ತು. ವಯಸ್ಸು ಐವತ್ತೆರಡು, ಕತ್ತರಿ ಬಿಟ್ಟರೆ ಬೇರೆ ವಿದ್ಯೆಯಿಲ್ಲ. ಕೊನೆಗೆ ಹೆಂಡತಿಯೇ ತಮ್ಮನ ಹತ್ತಿರ ಬಾಯಿಬಿಟ್ಟಳು.

"ಎಂಟು ದಿನ ನೋಡ್ತಾನಂತೆ. ಕೈ ಹೊಂದಿದರೆ ಕತ್ತರಿ ನಿಮಗೇ ಬಿಡ್ತಾನಂತೆ. ಬಾಯಿಗೆ ಮಾತ್ರ ಬೀಗ ಹಾಕ್ಕೊಂಡು ಹೋಗಿ."

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ನೆಂಟರಿಷ್ಟರು ಸೇರಿದಾಗಲೆಲ್ಲ, "ಏನಪ್ಪಾ, ನಿನ್ನ ಎರಡು ಮಿಷನ್ನಿನ ಸಾಮ್ರಾಜ್ಯ ಹೇಗಿದೆ?" ಅಂತ ಭಾವಮೈದನನ್ನು ಚುಚ್ಚದೆ ಇವನು ಊಟಕ್ಕೆ ಕೂತದ್ದೇ ಇಲ್ಲ.

ಆರು ದಿನ ಪ್ಯಾಂಟಿನ ಅಂಚು ಮಡಚುವುದರಲ್ಲೇ ಕಳೆದವು. ಏಳನೆಯ ದಿನ ಕೋಟಿನ ಬಟ್ಟೆ ಕೈಗೆ ಬಂತು. ನಿವೃತ್ತ ಅಂಚೆಯವನೊಬ್ಬ ಮಗಳ ಮದುವೆಗೆ ಹೊಲಿಸುತ್ತಿದ್ದ ಕೋಟು. ಚೀಲ ಹೊತ್ತು ಹೊತ್ತು ಬೆನ್ನು ಬಾಗಿದ ಮನುಷ್ಯ.

"ಅಳತೆ ಪುಸ್ತಕದಲ್ಲಿದೆ ಭಾವ. ನೀವೇ ಕತ್ತರಿಸಿ" ಅಂತ ಹೇಳಿ ಭಾವಮೈದ ಗುಂಡಿ ತರಲು ಹೋದ.

ಅಂಗುಲಪ್ಪ ಪುಸ್ತಕ ನೋಡಿದ, ಗೀಟು ಹಾಕಿದ, ಕತ್ತರಿಸಿದ. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಭಾವಮೈದ ಬಂದಾಗ ಮೇಜಿನ ಮೇಲೆ ಮಡಚಿಟ್ಟ ತುಂಡನ್ನು ಮುಂದೆ ತಳ್ಳಿದ.

"ನೋಡು, ಗೇಣು ಬಟ್ಟೆ ಉಳಿಸಿದ್ದೀನಿ!"

ಭಾವಮೈದನ ಮುಖ ಇಳಿಯಿತು. "ಇದು ಕೋಟಿನ ಒಳಗೆ ಇರಬೇಕಾಗಿತ್ತು ಭಾವ."

"ಒಳಗಿಟ್ಟು ಯಾರಿಗಪ್ಪಾ ತೋರಿಸ್ತೀಯ? ಅದಕ್ಕೇ ನಿನ್ನದು ಇನ್ನೂ ಎರಡೇ ಮಿಷನ್ನು!"

ಬೀಗ ಅಲ್ಲಿಗೆ ಕಳಚಿ ಬಿತ್ತು.

ಟೇಪು ಕಂಡರೆ ಎಂಥವನೂ ಎದೆ ಸೆಟೆಸಿ, ಬೆನ್ನು ನೆಟ್ಟಗೆ ಮಾಡಿ ನಿಲ್ಲುತ್ತಾನೆ. ಆ ಅಳತೆಯನ್ನು ನಂಬಬಾರದು. ಹೊಲಿಗೆಯ ಒಳಗೆ ಎರಡೆರಡು ಬೆರಳು ಬಟ್ಟೆ ಮಡಚಿ ಬಿಟ್ಟಿದ್ದರೆ ನಾಳೆ ಬಿಚ್ಚಿ ಹಿಗ್ಗಿಸಬಹುದು. ಅಂಗಡಿಯ ದರ್ಜಿಗಳಿಗೆಲ್ಲ ಗೊತ್ತಿರುವ ಮಾತು. ಅಂಗುಲಪ್ಪನಿಗೆ ಯಾರು ಹೇಳಬೇಕು? ತಾನು ಕತ್ತರಿಸಿದ್ದನ್ನು ತೊಡುವವರ ಮುಖವನ್ನು ಅವನು ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ.

ಸಂಜೆ ಅಂಚೆಯವನು ಅರೆ ಹೊಲಿದ ಕೋಟು ತೊಟ್ಟ. ಕನ್ನಡಿಯ ಮುಂದೆ ಒಂದು ಗಳಿಗೆ ನೆಟ್ಟಗೆ ನಿಂತ. ಆಮೇಲೆ ಸಾಕಾಗಿ, ತನ್ನ ಎಂದಿನ ಬೆನ್ನಿಗೆ ಬಾಗಿ ಕೈ ಮುಂದೆ ಚಾಚಿದ. ಬೆನ್ನ ಹೊಲಿಗೆ ಟರ್ರೆಂದಿತು. ಭಾವಮೈದ ಒಳಗೆ ಬೆರಳು ತೂರಿಸಿ ತಡಕಿದ. ಬಿಚ್ಚಲು ಏನೂ ಇರಲಿಲ್ಲ.

"ಉಳಿದ ತುಂಡನ್ನೇ ಬೆನ್ನಿಗೆ ಸೇರಿಸಬೇಕಾಗುತ್ತೆ ಯಜಮಾನ್ರೇ. ತಪ್ಪು ನಮ್ಮದು."

"ಆಗಲಿ ಬಿಡಿ" ಅಂದ ಅಂಚೆಯವನು. "ಬೀಗರು ನೋಡೋದು ಮುಖಾನ, ಬೆನ್ನನ್ನಲ್ಲ." ಅಂದನೇ ಹೊರತು ಕೋಟು ಕಳಚುವಾಗ ಅವನ ಕಣ್ಣು ಆ ಹರಕಿನ ಮೇಲೇ ಇತ್ತು.

ಅವನು ಹೋದ ಮೇಲೆ ಭಾವಮೈದ ಕತ್ತರಿಯನ್ನು ಒರೆಸಿ ತನ್ನ ಡ್ರಾಯರಿನಲ್ಲಿಟ್ಟುಕೊಂಡ. ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

"ನಾಳೆಯಿಂದ ಇಸ್ತ್ರಿ ನೋಡ್ಕೊಳ್ಳಿ ಭಾವ."

ಮನೆಯಲ್ಲಿ ಹೆಂಡತಿ ಕೇಳಿದಳು, "ಇಸ್ತ್ರೀನಾ? ಎಂಟು ದಿನ ಅಂದಿದ್ದನಲ್ಲ, ಇವತ್ತಿಗೆ ಏಳೇ ತಾನೇ?"

"ಒಂದು ದಿನ ಉಳಿಸಿದೆ" ಅಂದ ಅಂಗುಲಪ್ಪ.

ಅವಳು ನಗಲಿಲ್ಲ. "ಹೋಗ್ತೀರಿ ತಾನೇ?" ಅಂದಳು.

"ಹೋಗದೆ ಇನ್ನೇನು ಮಾಡಲಿ?"

ಮರುದಿನ ಅವನ ಮುಂದೆ ಮೊದಲು ಬಂದದ್ದು ಅದೇ ಕೋಟು. ಬೆನ್ನಿನ ನಡುವೆ ಮೇಲಿಂದ ಕೆಳಗೆ ಪಟ್ಟಿ ಸೇರಿಸಿ ಹೊಲಿದಿತ್ತು.

"ಒದ್ದೆ ಬಟ್ಟೆ ಹಾಸಿ ಒತ್ತಿ ಭಾವ. ಜೋಡಿಸಿದ್ದು ಕಾಣಬಾರದು."

ಮೈಭಾರವನ್ನೆಲ್ಲ ಬಿಟ್ಟು ಒತ್ತಿದ. ಹಬೆ ಮುಖಕ್ಕೆ ರಾಚಿತು. ಎತ್ತಿ ಬೆಳಕಿಗೆ ಹಿಡಿದ. ಕಾಣುತ್ತಿತ್ತು. ಮತ್ತೆ ಹಾಸಿದ, ಮತ್ತೆ ಒತ್ತಿದ.