ಬೂದಿಯ ಮೂಗುಪಟ್ಟಿ

ಜೀನು, ಲಗಾಮು ಹೊಲಿಯುವವನನ್ನು ಆ ಕುದುರೆ ಸವಾರಿ ಶಾಲೆಯಲ್ಲಿ ಎಲ್ಲರೂ ದಬ್ಬಳ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಅದೇ ಇರುತ್ತಿದ್ದುದರಿಂದಲೋ, ಮಾತೂ ಅಷ್ಟೇ ಚೂಪಾಗಿದ್ದುದರಿಂದಲೋ, ಹೇಳುವುದು ಕಷ್ಟ. ಆ ಬೆಳಿಗ್ಗೆ ಮಾತ್ರ ಅವನ ಬಾಯಿಗೆ ಬೀಗ ಬಿದ್ದಿತ್ತು. ಬೇಲಿಗೆ ತಾನು ಹೊಲಿದ ಮೂರು ಲಗಾಮುಗಳನ್ನು ನೇತುಹಾಕಿ ದೂರ ಸರಿದು ನಿಂತಿದ್ದ.

ಮೂರಕ್ಕೂ ಬಾಯೊಳಗೆ ಕೂರುವ ಕಬ್ಬಿಣದ ಕಡಿವಾಣವಿರಲಿಲ್ಲ. ಬೂದಿ ಎಂಬ ಹೆಣ್ಣು ಕುದುರೆಗೆ ನಾಲಿಗೆಯ ಮೇಲೆ ಹಳೆಯ ಗಾಯ, ಒಸಡಿನಲ್ಲಿ ಮಾಯದ ಹುಣ್ಣು. ಬಾಯಿಗೆ ಕಬ್ಬಿಣ ತಗುಲಿದರೆ ಸಾಕು, ದಿಕ್ಕೆಟ್ಟು ಓಡುತ್ತಿತ್ತು. ಹಾಗೆ ಓಡಿದ ಒಂದು ದಿನ ಕಲಿಯಲು ಬಂದಿದ್ದ ಹೆಂಗಸೊಬ್ಬಳು ಬಿದ್ದು ತೋಳು ಮುರಿದುಕೊಂಡಳು. ಯಜಮಾನರು ಬೂದಿಯನ್ನು ಮಾಂಸದವನಿಗೆ ಕೊಟ್ಟುಬಿಡಲು ಹೊರಟರು. ಅಡ್ಡ ನಿಂತವಳು ದಬ್ಬಳನ ಅಕ್ಕ. ಶಾಲೆಯಲ್ಲಿ ಸವಾರಿ ಕಲಿಸುವವಳೂ ಅವಳೇ, ಬೂದಿಯನ್ನು ಮರಿಯಿಂದ ಬೆಳೆಸಿದವಳೂ ಅವಳೇ.

ಯಜಮಾನರದು ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಸ್ವಭಾವ. "ಆಯ್ತಮ್ಮ, ಬಾಯಿಗೆ ಏನೂ ಹಾಕ್ದೆ ನಿಲ್ಸು, ನೋಡೋಣ. ಕಂಬದ ಹತ್ರ ಲಗಾಮು ಎಳಿ. ಅದರಾಚೆಗಿರೋ ಸುಣ್ಣದ ಗೆರೆ ದಾಟೋದ್ರೊಳಗೆ ನಿಂತ್ರೆ ಇರ್ಲಿ, ಇಲ್ದಿದ್ರೆ ಗಾಡಿ ಕರೆಸ್ತೀನಿ" ಎಂದಿದ್ದರು. ಯಾವ ಲಗಾಮು ಒಳ್ಳೆಯದು ಎಂಬುದಕ್ಕೆ ಆ ಗೆರೆಯೊಂದೇ ಅಳತೆ. ಕುದುರೆಯನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಮೊದಲನೆಯದು ಬಲು ಸರಳ. ಮೂಗಿನ ಮೇಲೊಂದು ಪಟ್ಟಿ, ಅದರ ಎರಡು ಪಕ್ಕಕ್ಕೂ ಬಳೆ, ಬಳೆಗೆ ಲಗಾಮಿನ ಹಗ್ಗ. ಅಕ್ಕ ಹತ್ತಿ ಕೂತಳು. ಎಡಕ್ಕೆ ಎಳೆದರೆ ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ ಬೂದಿ ಬೆಣ್ಣೆಯಂತೆ ತಿರುಗಿತು. ಆದರೆ ನಿಲ್ಲು ಎಂದಾಗ ಆರಾಮಾಗಿ ಯೋಚಿಸುತ್ತಾ ಗೆರೆ ದಾಟಿ ನಿಂತಿತು.

ಎರಡನೆಯದರ ಪಟ್ಟಿಗಳು ದವಡೆಯ ಕೆಳಗೆ ಅಡ್ಡಡ್ಡ ಹಾಯ್ದು, ಎಳೆದಾಗ ಇಡೀ ತಲೆಯನ್ನು ಅಪ್ಪಿ ಹಿಡಿಯುತ್ತಿದ್ದವು. ಅಪ್ಪುಗೆ ಬೇಗ ಸಡಿಲವಾಗುತ್ತಿರಲಿಲ್ಲ, ಅದೇ ಅದರ ದೋಷ. ಬೂದಿಗೆ ಗಲಿಬಿಲಿಯಾಯಿತು. ತಲೆ ಕೊಡವುತ್ತಾ ಮತ್ತೆ ಗೆರೆ ದಾಟಿತು.

"ಇನ್ನೊಂದೇ" ಎಂದರು ಯಜಮಾನರು, ಕೈ ಗಡಿಯಾರ ನೋಡುತ್ತಾ.

ಮೂರನೆಯದಕ್ಕೆ ಎರಡು ಪಕ್ಕಕ್ಕೂ ಸನ್ನೆಕೋಲಿನಂಥ ಕಬ್ಬಿಣದ ಸಣ್ಣ ತೋಳು. ಸ್ವಲ್ಪ ಎಳೆದರೂ ಮೂಗು, ಗದ್ದ ಎರಡನ್ನೂ ಒಟ್ಟಿಗೆ ಬಿಗಿಯುತ್ತಿತ್ತು. ಮೂಗುಪಟ್ಟಿಯ ಸುತ್ತ ಮೆತ್ತನೆಯ ಕುರಿ ತುಪ್ಪಟ. ಅಕ್ಕ ಕಂಬದ ಬಳಿ ಬೆರಳಲ್ಲಿ ಎಳೆದಳೋ ಇಲ್ಲವೋ, ಬೂದಿ ಹಿಂಗಾಲಿನ ಮೇಲೆ ಕುಸಿದಂತೆ ನಿಂತುಬಿಟ್ಟಿತು. ಗೆರೆ ಇನ್ನೂ ಎಷ್ಟೋ ದೂರವಿತ್ತು.

"ಭಲೇ ದಬ್ಬಳ!" ಯಜಮಾನರು ಚಪ್ಪಾಳೆ ತಟ್ಟಿದರು. "ಎಲ್ಲಾ ಕುದುರೆಗಳಿಗೂ ಇದನ್ನೇ ಹೊಲಿ. ಕುದುರೆಗೆ ನೋವೇ ಇಲ್ಲದ ಶಾಲೆ ಅಂತ ಬೋರ್ಡ್ ಬರೆಸ್ತೀನಿ."

ತುಪ್ಪಟದ ಒಳಗೆ ಸೈಕಲ್ ಚೈನಿತ್ತು.

ಹಿಂದಿನ ದಿನ ಅಕ್ಕ ಪೇಟೆಗೆ ಹೋಗಿದ್ದಾಗ ದಬ್ಬಳ ಮೂರನ್ನೂ ಗುಟ್ಟಾಗಿ ಪರೀಕ್ಷಿಸಿದ್ದ. ಮೂರರಲ್ಲೂ ಬೂದಿ ಗೆರೆ ದಾಟಿತ್ತು. ಆಗ ಚೈನಿನ ತುಂಡೊಂದನ್ನು ತುಪ್ಪಟದೊಳಗೆ ಇಟ್ಟು ಹೊಲಿದ. ಅದು ಕೂರುವುದು ಚರ್ಮದ ಕೆಳಗೆ ಬರೀ ಎಲುಬಿರುವ ಜಾಗದಲ್ಲಿ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂದು ದಿನದ ಮಟ್ಟಿಗೆ, ಜೀವ ಉಳಿದರೆ ಸಾಕು ಎಂದುಕೊಂಡಿದ್ದ. ಈಗ ಅದು ಬಿಸಿ ತುಪ್ಪವಾಗಿತ್ತು: ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಮಧ್ಯಾಹ್ನ ಜೀನಿನ ಕೋಣೆಗೆ ಅಕ್ಕ ಬಂದಾಗ ತಡೆಯಲಾಗಲಿಲ್ಲ. ಬಾಗಿಲು ಹಾಕಿ, ಚಾಕು ತೆಗೆದು ಅವಳ ಕಣ್ಣೆದುರೇ ಹೊಲಿಗೆ ಬಿಚ್ಚಿದ. ಚೈನು ಮೇಜಿನ ಮೇಲೆ ಬಿತ್ತು.

"ನನ್ನನ್ನ ಹೊಡಿ ಬೇಕಾದ್ರೆ" ಎಂದ.

ಅಕ್ಕ ಚೈನನ್ನು ನೋಡಲೂ ಇಲ್ಲ. "ಗೊತ್ತು ಕಣೋ" ಎಂದಳು.

"ಗೊತ್ತಾ?"

"ಇಷ್ಟು ವರ್ಷ ಲಗಾಮು ಹಿಡಿದ ಕೈಗೆ ತೂಕ ಗೊತ್ತಾಗಲ್ವೇನೋ? ಬೇಲಿಯಿಂದ ತೆಗೆದಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕಕ್ಕಾ ಬೂದಿ ಮುಖಕ್ಕೆ ಹಾಕ್ದೆ?"

"ನೀನ್ಯಾಕೆ ಹೊಲ್ದೆ?"

ಅಕ್ಕನನ್ನು ವಂಚಿಸಿದೆನೆಂಬ ಸಂಕಟ ಅವನನ್ನು ಬೆಳಿಗ್ಗೆಯಿಂದ ತಿನ್ನುತ್ತಿತ್ತು. ವಂಚಿಸಿರಲೇ ಇಲ್ಲವೆಂದು ತಿಳಿದ ಮೇಲೆ ಅದು ಹೋಗಬೇಕಿತ್ತು. ಹೋಗುವ ಬದಲು ಇಮ್ಮಡಿಯಾಯಿತು. ತಪ್ಪು ತನ್ನೊಬ್ಬನದೇ ಆಗಿದ್ದರೆ ಬೈಸಿಕೊಂಡಾದರೂ ಹಗುರಾಗಬಹುದಿತ್ತು. ಈಗ ಬೈಯಲು ಯಾರೂ ಉಳಿದಿರಲಿಲ್ಲ.

"ಬೇರೆ ಕುದುರೆಗಳದ್ದಕ್ಕೆ ಚೈನು ಹಾಕ್ಬೇಡ" ಎಂದಳು ಅಕ್ಕ.

"ಅವಕ್ಕೂ ಗೆರೆ ಎಳೀತಾರಲ್ಲಕ್ಕಾ."

ಅಕ್ಕ ಕಪಾಟಿನಿಂದ ಮುಲಾಮಿನ ಡಬ್ಬಿ ತೆಗೆದುಕೊಂಡಳು. ಬೂದಿಯ ಮೂಗಿನ ಮೇಲೆ ಆಗಲೇ ಬಾವು ಬಂದಿದೆಯೆಂದು ಅವನಿಗೆ ಅದರಿಂದಲೇ ಗೊತ್ತಾಯಿತು. ಬಾಗಿಲ ಬಳಿ ನಿಂತು, ತಿರುಗಿ ನೋಡದೆಯೇ ಅವಳು ಹೇಳಿದಳು: "ಬೇಗ ಹೊಲಿ. ಸಂಜೆ ಬೂದಿ ಮೇಲೆ ಪಾಠ ಇದೆ. ಯಜಮಾನ್ರು ನೋಡೋಕೆ ಬರ್ತಾರೆ."

ಅವನು ಚೈನನ್ನು ಮತ್ತೆ ತುಪ್ಪಟದೊಳಗಿಟ್ಟು, ದಬ್ಬಳಕ್ಕೆ ದಾರ ಪೋಣಿಸಿದ. ಕೈ ನಡುಗಲೆಂದು, ಹೊಲಿಗೆ ಸೊಟ್ಟಗಾಗಲೆಂದು ಮನಸ್ಸಿನಲ್ಲೇ ಬೇಡಿಕೊಂಡ. ಬಿಚ್ಚಿದ್ದರ ಗುರುತೂ ಕಾಣದಷ್ಟು ನೇರವಾಗಿ ಬಂತು ಹೊಲಿಗೆ.