ಬಳೆಯಿಲ್ಲದ ಮುಂಗೈ

ಒಳ್ಳೆಯ ಕೆಲಸಕ್ಕೆ ಹೊರಟಾಗ ಕೈಗುಣ ಇದ್ದವರನ್ನು ಜೊತೆಗೆ ಕರೆದೊಯ್ಯಬೇಕು ಎಂಬುದು ಚಿಂತಾಕಿ ಊರಿನ ಗಂಗುಬಾಯಿಯ ಹಟ. ಮಗ ವೈಜಿನಾಥ ಬೇಗಂಪೇಟದಲ್ಲಿ ವಿಮಾನ ಹಾರಿಸಲು ಕಲಿಯಬೇಕೆಂದರೆ, ಅವನ ದೇಹ ಮನಸ್ಸು ಎರಡೂ ನೆಟ್ಟಗಿವೆ ಎಂದು ಬೀದರದ ಡಾಕ್ಟರು ಸರ್ಟಿಫಿಕೇಟು ಕೊಡಬೇಕಿತ್ತು. ಅಷ್ಟಕ್ಕೆ ಈ ತಾಯಿ ಚಿದ್ರಿಗೆ ಹೋಗಿ ಅಕ್ತರಬೀಯನ್ನು ಹೊರಡಿಸಿಕೊಂಡು ಬಂದಳು. ಅವಳನ್ನು ನೋಡಿದ್ದೇ ವೈಜಿನಾಥನಿಗೆ ಹಳೆಯದೆಲ್ಲ ಬಯಲಾದೀತೆಂಬ ಹೆದರಿಕೆ ಹುಟ್ಟಿತು.

ನಿಜಾಮನ ಆಳ್ವಿಕೆ ಮುಗಿಸಿದ ಪೊಲೀಸ್ ಆಕ್ಷನ್ನಿನ ಗದ್ದಲದಲ್ಲಿ ಬಾವಿಯೊಳಗೆ ಹೆಣ ಕಂಡು, ಹುಡುಗನಾಗಿದ್ದ ಅವನ ಮಾತೇ ನಿಂತುಹೋಗಿತ್ತು. ತಾಯಿತ ಕಟ್ಟಿಸಿದ್ದಾಯಿತು, ವಿಭೂತಿ ಹಚ್ಚಿಸಿದ್ದಾಯಿತು. ಕೊನೆಗೆ ಚಿದ್ರಿಯ ಹಕೀಮರ ಮನೆಗೆ ಹೋದರೆ ಹಕೀಮರೇ ಇಲ್ಲ. ಅದೇ ಗದ್ದಲ ಅವರನ್ನೂ ನುಂಗಿತ್ತು. ಅವರ ಹೆಂಡತಿ ಅಕ್ತರಬೀ ಔಷಧ ಕೊಡಲಿಲ್ಲ. ಹುಡುಗನ ಮುಂಗೈ ಹಿಡಿದು ಕೂತು, "ಹೇಳು ಬೇಟಾ, ನಾ ಕೇಳ್ಲಿಕತ್ತೀನಿ" ಎಂದಳು. ವಾರವಾರವೂ ಅದೇ ಮಾತು, ಅದೇ ಕೈ. ತನ್ನ ಗೋಳು ಬದಿಗಿಟ್ಟು ಇನ್ನೊಬ್ಬಳ ಮಗನ ಗೋಳು ಕೇಳಬೇಕಾದರೆ ಎಂಥ ಎದೆ ಬೇಕು! ಮೊದಲು ಅವನು "ಬಾವಿ" ಎಂದಷ್ಟೇ ಅಂದ. ಮಳೆಗಾಲ ಮುಗಿಯುವ ಹೊತ್ತಿಗೆ ಎಲ್ಲ ಹೇಳಿ, ಅತ್ತು, ನಿದ್ದೆ ಮಾಡಿದ.

ಈಗ ಅವಳು ದವಾಖಾನೆಯ ಬೆಂಚಿನ ಮೇಲೆ, ತೆರೆದ ಬಾಗಿಲಿನ ಎದುರಿಗೇ ಕೂತಿದ್ದಳು. ಕಣ್ಣು, ಕಿವಿ, ಎದೆ ನೋಡಿ ಮುಗಿಸಿದ ಡಾಕ್ಟರು ಕೇಳಿದರು.

"ಹಿಂದ ಮನಸ್ಸಿಗಿ ಏನರ ತ್ರಾಸ್ ಆಗಿತ್ತೇನಪಾ? ಆಗಿದ್ರ ಹೇಳು. ಗುಣ ಆಗಿದ್ರ ಅಡ್ಡಿಯಿಲ್ಲ. ಇಲಾಜ್ ಮಾಡಿದವರ ಸಂಗಟ ಒಂದ್ ಮಾತ್ ಆಡ್ತೀನಿ, ಅಷ್ಟೇ."

ಡಾಕ್ಟರು ಮಾತಾಡಬೇಕಾದವಳು ಹತ್ತು ಮಾರಿನೊಳಗೇ ಕೂತಿದ್ದಳು. ಆದರೆ ತಲೆಕೆಟ್ಟವನೆಂದು ಬರೆದುಬಿಟ್ಟರೆ? ವಿಮಾನ ಹಾಗಿರಲಿ, ಊರಲ್ಲಿ ಎತ್ತಿನ ಬಂಡಿಯನ್ನೂ ನಂಬಿ ಕೊಡುವುದಿಲ್ಲ.

"ಇಲ್ರಿ ಸಾಹೇಬ್ರ, ಏನೂ ಆಗಿಲ್ರಿ."

ಹೊರಗೆ ಗಂಗುಬಾಯಿ ಬಾಯಿ ತೆರೆದಳು. ಮಗ ಕಣ್ಣು ಕೆಕ್ಕರಿಸಿದ, ಮುಚ್ಚಿದಳು.

"ಮತ್ತ ನಿಮ್ಮವ್ವನ ಬಾಜೂಕ ಕುಂತಾಕಿ ಯಾರು?"

"ಬಳಿ ಮಾರಾಕಿರಿ. ದಾರ್ಯಾಗ ಕೂಡ್ಯಾಳ್ರಿ."

ಡಾಕ್ಟರ ಕಣ್ಣು ಅಕ್ತರಬೀಯ ಬೋಳು ಮುಂಗೈ ಮೇಲೆ ನಿಂತಿತು. ಅವಳು ಮೆಲ್ಲಗೆ ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಹೌದ್ರಿ ಸಾಬ್," ಎಂದಳು. "ಬಳಿ ಎಲ್ಲಾ ತೀರ್ಯಾವ್ರಿ."

ಡಾಕ್ಟರು ಸಹಿ ಹಾಕಿದರು. ಹೊಳೆ ದಾಟಿದ ಮೇಲೆ ಅಂಬಿಗನನ್ನು ಮರೆಯುವವರು ಬೇಕಾದಷ್ಟು ಜನ. ಈ ಮಹರಾಯ ಅಂಬಿಗಿತ್ತಿಯ ಹೆಗಲ ಮೇಲೆ ಕೈಯಿಟ್ಟೇ ಹೊಳೆ ದಾಟಿ, ಅವಳು ಯಾರೋ ಗೊತ್ತಿಲ್ಲವೆಂದ.

ಔರಾದಿಗೆ ಹೋಗುವ ಮೋಟಾರು ನಿಲ್ಲುವ ಜಾಗಕ್ಕೆ ಮೂವರೂ ನಡೆದು ಬಂದರು. ಅಲ್ಲಿ ಗಂಗುಬಾಯಿ ಮಗನ ಕಡೆ ತಿರುಗಿದಳು. "ಇಕಿ ನಿನ್ನ ಬಾಯಿ ಬಿಡಿಸಿದ್ದು ಇದಕ್ಕೇನೋ?"

ವೈಜಿನಾಥನಿಗೆ ನಾಚಿಕೆಯಾಯಿತು. ಅಕ್ತರಬೀಯ ಮುಂದೆ ತಲೆ ಬಗ್ಗಿಸಿ, "ಬೀ, ತಲಿ ಮ್ಯಾಲ ಕೈ ಇಡ್ರಿ" ಎಂದ.

"ಬಳಿ ಮಾರಾಕಿ ತಲಿ ಮ್ಯಾಲ ಕೈ ಇಡ್ತಾಳೇನ್ ಬೇಟಾ? ಮುಂಗೈ ಹಿಡೀತಾಳ."

ಹಾಗೆಂದು ಅವನ ಮುಂಗೈ ಹಿಡಿದಳು. ಅದೇ ಹಿಡಿತ. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ಹೇಳು ಬೇಟಾ, ನಾ ಕೇಳ್ಲಿಕತ್ತೀನಿ."

ಸರ್ಟಿಫಿಕೇಟು ಕಿಸೆಯಲ್ಲಿತ್ತು. ವೈಜಿನಾಥ ಬಾಯಿ ತೆರೆದ. ಒಂದು ಮಾತೂ ಬರಲಿಲ್ಲ.